ಆಸ್ಪತ್ರೆಯ ಐಟಿ ಕಡೆ ದೊಡ್ಡ ಹುದ್ದೆ ಬೇಕು, ಕೋಡಿಂಗ್ ಕಲಿಯಬೇಕಾ ಮೇಡಂ?

ಪ್ರಶ್ನೆ: ಮೇಡಂ, ದಾವಣಗೆರೆಯಲ್ಲೇ ಎಂಬಿಬಿಎಸ್ ಮುಗಿಸಿ ಈಗ ಡ್ಯೂಟಿ ಡಾಕ್ಟರ್ ಆಗಿದ್ದೇನೆ. ಪಿಜಿ ಸೀಟ್ ಸಿಗಲಿಲ್ಲ. ಸಿಎಂಐಒ ಅಂತ ಒಂದು ಹುದ್ದೆ ಇದೆಯಂತೆ, ಒಳ್ಳೆ ಸಂಬಳವಂತೆ. ಕೆಲಸ ಬಿಟ್ಟು ಬೆಂಗಳೂರಿಗೆ ಹೋಗಿ ಪೈಥಾನ್ ಕಲಿಯೋಣ ಅಂದ್ಕೊಂಡಿದ್ದೇನೆ. ಸರೀನಾ?

ಬೇಡ. ಕೆಲಸ ಬಿಡಬೇಡಿ.

ಇದೇ ಪ್ರಶ್ನೆ ನನಗೆ ಬೇರೆ ಬೇರೆ ವೇಷದಲ್ಲಿ ಬರುತ್ತಲೇ ಇರುತ್ತದೆ. ಸ್ಟಾಫ್ ನರ್ಸ್‌ಗಳು ಕೇಳುತ್ತಾರೆ, ಬಿಡಿಎಸ್ ಮುಗಿಸಿದವರು ಕೇಳುತ್ತಾರೆ, ಚಿತ್ರದುರ್ಗದಿಂದ ಫಾರ್ಮಸಿಯವರೂ ಕೇಳುತ್ತಾರೆ. ಒಬ್ಬೊಬ್ಬರಿಗೂ ಹೇಳಿ ಹೇಳಿ ಸಾಕಾಗಿದೆ. ಇಲ್ಲಿ ಒಂದೇ ಸಲ ಬರೆದಿಡುತ್ತೇನೆ, ಇನ್ನು ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ.

ಮೊದಲು ಹುದ್ದೆ ಏನು ಅಂತ ನೋಡಿ. ಆಸ್ಪತ್ರೆಯ ಸರ್ವರ್, ನೆಟ್‌ವರ್ಕ್, ಸಾಫ್ಟ್‌ವೇರ್ ಕಂಪನಿ ಜೊತೆ ಕರಾರು, ಇದಕ್ಕೆಲ್ಲ ಆಗುವ ಖರ್ಚು, ಇವನ್ನು ನೋಡಿಕೊಳ್ಳುವವರು ಸಿಐಒ, ಅಂದರೆ ಚೀಫ್ ಇನ್ಫರ್ಮೇಶನ್ ಆಫೀಸರ್. ಆ ಕಂಪ್ಯೂಟರ್ ವಾರ್ಡಿನೊಳಗೆ ಬಂದಾಗ ರೋಗಿಯ ಚಿಕಿತ್ಸೆ ಹೇಗೆ ನಡೆಯಬೇಕು ಅಂತ ತೀರ್ಮಾನಿಸಿ, ಅದಕ್ಕೆ ಹೊಣೆ ಹೊರುವ ಡಾಕ್ಟರ್ ಸಿಎಂಐಒ, ಚೀಫ್ ಮೆಡಿಕಲ್ ಇನ್ಫರ್ಮೇಶನ್ ಆಫೀಸರ್. ನರ್ಸಿಂಗ್ ಕಡೆಯಿಂದ ಇದೇ ಕೆಲಸ ಮಾಡುವವರು ಸಿಎನ್‌ಐಒ. ನಮ್ಮ ಊರಲ್ಲಿ ಈ ಹೆಸರಿನ ಬೋರ್ಡ್ ಬಾಗಿಲ ಮೇಲೆ ಕಾಣುವುದು ಕಷ್ಟ, ಆದರೆ ಸಾಫ್ಟ್‌ವೇರ್ ಹಾಕಿಸಿದ ಪ್ರತಿ ಆಸ್ಪತ್ರೆಯಲ್ಲೂ ಆ ಕೆಲಸ ಇದ್ದೇ ಇರುತ್ತದೆ, ಯಾರೋ ಒಬ್ಬರು ತಮ್ಮ ಓಪಿಡಿ ಮುಗಿಸಿಕೊಂಡು ಅದನ್ನೂ ಮಾಡುತ್ತಿರುತ್ತಾರೆ.

ಈಗ ಕೋಡಿಂಗ್ ವಿಷಯ. "ಆಸ್ಪತ್ರೆಯ ಟೆಕ್ನಾಲಜಿ ನಡೆಸುವವರಿಗೆ ಪ್ರೋಗ್ರಾಂ ಬರೆಯಲು ಬರಲೇಬೇಕು" ಅನ್ನುವ ನಂಬಿಕೆ ಎಲ್ಲಿಂದ ಬಂತೋ ಗೊತ್ತಿಲ್ಲ, ಎಷ್ಟು ಹೇಳಿದರೂ ಹೋಗುತ್ತಿಲ್ಲ. ಇದು ತಪ್ಪು ಅಂತ ಸುಮ್ನೆ ಹೇಳಿದರೆ ನೀವು ನಂಬುವುದಿಲ್ಲ, ಅದಕ್ಕೆ ಒಂದು ಪ್ರಕರಣವನ್ನು ಪೂರ್ತಿ ಹೇಳುತ್ತೇನೆ.

2002ರ ಅಕ್ಟೋಬರ್‌ನಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ಮಕ್ಕಳ ಆಸ್ಪತ್ರೆಯಲ್ಲಿ ಹೊಸ ವ್ಯವಸ್ಥೆ ಬಂತು. ಔಷಧಿ, ಟೆಸ್ಟ್, ಎಲ್ಲದರ ಆರ್ಡರನ್ನೂ ಡಾಕ್ಟರ್ ಕಂಪ್ಯೂಟರಿನಲ್ಲೇ ಹಾಕಬೇಕು. ಆರೇ ದಿನದಲ್ಲಿ ಇಡೀ ಆಸ್ಪತ್ರೆಗೆ ಹಾಕಿದರು. ಆಮೇಲೆ ಅಲ್ಲಿನ ಡಾಕ್ಟರ್‌ಗಳೇ ಲೆಕ್ಕ ತೆಗೆದು 2005ರಲ್ಲಿ 'ಪೀಡಿಯಾಟ್ರಿಕ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಬೇರೆ ಆಸ್ಪತ್ರೆಗಳಿಂದ ರೆಫರ್ ಆಗಿ ಬರುವ ಮಕ್ಕಳಲ್ಲಿ ಸಾವಿನ ಪ್ರಮಾಣ ಮೊದಲು ಶೇ. 2.80 ಇತ್ತು. ಹೊಸ ವ್ಯವಸ್ಥೆ ಬಂದ ನಂತರದ ಐದು ತಿಂಗಳಲ್ಲಿ ಅದು ಶೇ. 6.57 ಆಗಿತ್ತು.

ಸಾಫ್ಟ್‌ವೇರ್ ಕೆಟ್ಟಿತ್ತಾ? ಇಲ್ಲ. ಬರೆದವರು ಕಾರಣ ಏನಿರಬಹುದು ಅಂತ ಹೇಳಿದ್ದನ್ನು ನೋಡಿ. ಮೊದಲು ಮಗು ಇನ್ನೂ ದಾರಿಯಲ್ಲಿರುವಾಗಲೇ ಡಾಕ್ಟರ್ ಆರ್ಡರ್ ಬರೆದಿಡುತ್ತಿದ್ದರು, ಮಗು ಬಂದು ಇಳಿಯುವಷ್ಟರಲ್ಲಿ ಔಷಧಿ ತಯಾರಿರುತ್ತಿತ್ತು. ಹೊಸ ವ್ಯವಸ್ಥೆಯಲ್ಲಿ ಮಗು ಬಂದು ರಿಜಿಸ್ಟರ್ ಆಗುವ ತನಕ ಆರ್ಡರ್ ಹಾಕಲು ಆಗುತ್ತಿರಲಿಲ್ಲ. ಐಸಿಯುನಲ್ಲೇ ಕೈಗೆ ಸಿಗುತ್ತಿದ್ದ ಔಷಧಿಗಳು ಕೇಂದ್ರ ಫಾರ್ಮಸಿಗೆ ಹೋದವು. ಕೈಯಲ್ಲಿ ಕೆಲವೇ ಸೆಕೆಂಡಿನಲ್ಲಿ ಬರೆಯುತ್ತಿದ್ದ ಆರ್ಡರಿಗೆ ಈಗ ಒಂದೆರಡು ನಿಮಿಷ ಕ್ಲಿಕ್ ಮಾಡಬೇಕು, ಅಷ್ಟು ಹೊತ್ತು ಒಬ್ಬ ಡಾಕ್ಟರ್ ಮಗುವಿನ ಹಾಸಿಗೆ ಬಿಟ್ಟು ಕಂಪ್ಯೂಟರ್ ಮುಂದೆ ಇರುತ್ತಾರೆ.

ಇದನ್ನು ನಮ್ಮ ಕಡೆಗೆ ತಂದು ನೋಡಿ. ಜಗಳೂರಿನಿಂದಲೋ ಹಿರಿಯೂರಿನಿಂದಲೋ ಆಂಬುಲೆನ್ಸ್ ಹೊರಟಿದೆ ಅಂತ ರಾತ್ರಿ ಫೋನ್ ಬರುತ್ತದೆ. ಮಗುವಿಗೆ ಫಿಟ್ಸ್. ಇನ್‌ಚಾರ್ಜ್ ಸಿಸ್ಟರ್ ಆ ಕ್ಷಣದಿಂದಲೇ ಬೆಡ್, ಆಕ್ಸಿಜನ್, ಇಂಜೆಕ್ಷನ್ ಎಲ್ಲ ಜೋಡಿಸಲು ಶುರು ಮಾಡುತ್ತಾರೆ. ಐಪಿ ನಂಬರ್, ಅಂದರೆ ರೋಗಿ ದಾಖಲಾದಾಗ ಕೊಡುವ ನಂಬರ್, ಇಲ್ಲದೆ ಫಾರ್ಮಸಿ ಇಂಡೆಂಟ್ (ಔಷಧಿ ಬೇಡಿಕೆ ಚೀಟಿ) ತೆಗೆದುಕೊಳ್ಳುವುದಿಲ್ಲ ಅಂತ ಸಾಫ್ಟ್‌ವೇರಿನಲ್ಲಿ ಒಂದು ನಿಯಮ ಹಾಕಿದರೆ ಏನಾಗುತ್ತದೆ? ಆ ನಿಯಮ ಬರೆದ ಪ್ರೋಗ್ರಾಮರ್ ಹುಡುಗನ ತಪ್ಪಲ್ಲ ಅದು. ಅವನಿಗೆ ಬಿಲ್ಲಿಂಗ್‌ನವರು ಹೇಳಿದ್ದಾರೆ, ಅವನು ಬರೆದಿದ್ದಾನೆ, ಕೋಡ್ ಸರಿಯಾಗಿಯೇ ಓಡುತ್ತಿದೆ. "ಈ ನಿಯಮ ಎಮರ್ಜೆನ್ಸಿಗೆ ಬೇಡ, ತಾತ್ಕಾಲಿಕ ನಂಬರ್ ಕೊಡಿ" ಅಂತ ಮೀಟಿಂಗ್‌ನಲ್ಲಿ ಎದ್ದು ಹೇಳುವ ಒಬ್ಬರು ಬೇಕಿತ್ತು. ಅವರು ರಾತ್ರಿ ಡ್ಯೂಟಿ ಮಾಡಿದವರಾಗಿರಬೇಕು, ಅವರ ಮಾತಿಗೆ ಆಡಳಿತ ಮಂಡಳಿಯಲ್ಲಿ ಬೆಲೆಯೂ ಇರಬೇಕು. ಆ ಒಬ್ಬರೇ ಸಿಎಂಐಒ.

ಇನ್ನೂ ಅನುಮಾನ ಇದ್ದರೆ ಕೇಳಿ. ಅದೇ ಸಾಫ್ಟ್‌ವೇರನ್ನು ಸಿಯಾಟಲ್‌ನ ಮಕ್ಕಳ ಆಸ್ಪತ್ರೆಯವರೂ ಹಾಕಿದರು. ಐಸಿಯುಗೆ ಬೇಕಾದ ಆರ್ಡರ್‌ಗಳನ್ನು ಕಾಯಿಲೆವಾರು ಮೊದಲೇ ಜೋಡಿಸಿಟ್ಟುಕೊಂಡರು. 2006ರಲ್ಲಿ ಅವರ ಲೆಕ್ಕ ಬಂತು, ಸಾವು ಜಾಸ್ತಿ ಆಗಿರಲಿಲ್ಲ. ಸಾಫ್ಟ್‌ವೇರ್ ಒಂದೇ, ಕೆಲಸದ ಜೋಡಣೆ ಬೇರೆ. ಲಾಸ್ ಏಂಜಲೀಸ್‌ನ ಸೀಡರ್ಸ್-ಸೈನಾಯ್ ಆಸ್ಪತ್ರೆಯಲ್ಲಂತೂ 2003ರಲ್ಲಿ ನೂರಾರು ಡಾಕ್ಟರ್‌ಗಳು ತಿರುಗಿಬಿದ್ದು, ಇಂಥದೇ ವ್ಯವಸ್ಥೆಯನ್ನು ಕೆಲವೇ ತಿಂಗಳಲ್ಲಿ ನಿಲ್ಲಿಸಬೇಕಾಯಿತು. ಅಲ್ಲಿಯೂ ಕೊರತೆ ಪ್ರೋಗ್ರಾಮರ್‌ಗಳದ್ದಾಗಿರಲಿಲ್ಲ.

"ಆದರೆ ಮೇಡಂ, ಕೋಡಿಂಗ್ ಗೊತ್ತಿರುವ ಡಾಕ್ಟರ್‌ಗಳೇ ಮೇಲಕ್ಕೆ ಹೋಗಿದ್ದಾರಲ್ಲ" ಅನ್ನುತ್ತೀರಿ. ಹೌದು, ಬಾಸ್ಟನ್‌ನ ಬೆತ್ ಇಸ್ರೇಲ್ ಡೀಕನೆಸ್ ಆಸ್ಪತ್ರೆಯಲ್ಲಿ ಸಿಐಒ ಆಗಿದ್ದ ಜಾನ್ ಹಲಮ್ಕಾ ಎಮರ್ಜೆನ್ಸಿ ಡಾಕ್ಟರೂ ಹೌದು, ಕಂಪ್ಯೂಟರ್ ಬಲ್ಲವರೂ ಹೌದು. 2002ರ ನವೆಂಬರ್‌ನಲ್ಲಿ ಅವರ ಆಸ್ಪತ್ರೆಯ ನೆಟ್‌ವರ್ಕ್ ಕುಸಿದು ಬಿತ್ತು, ಹಲವು ದಿನ ಎಲ್ಲರೂ ಕಾಗದಕ್ಕೆ ವಾಪಸ್ ಹೋಗಬೇಕಾಯಿತು. ಆ ದಿನಗಳಲ್ಲಿ ಆಸ್ಪತ್ರೆ ನಡೆದದ್ದು ಯಾರ ಕೈಗೆ ಯಾವ ಫಾರಂ ಹೋಗಬೇಕು, ಲ್ಯಾಬ್ ರಿಪೋರ್ಟ್ ಯಾರು ಓಡಿ ತಂದುಕೊಡಬೇಕು ಅನ್ನುವ ತೀರ್ಮಾನಗಳಿಂದ. ಆಮೇಲೆ ಅವರು ಏನಾಯಿತು ಅಂತ ಮುಚ್ಚಿಡದೆ ಎಲ್ಲರಿಗೂ ಹೇಳಿದರು. ಕರೆಂಟ್ ಹೋಗಿ, ಯುಪಿಎಸ್ ಕೈಕೊಟ್ಟು, ಕಂಪ್ಯೂಟರ್ ಕಪ್ಪಾಗುವ ನಮ್ಮ ಆಸ್ಪತ್ರೆಗಳಲ್ಲಿ ಇದು ಇನ್ನೂ ದೊಡ್ಡ ಪಾಠ. ರಾತ್ರಿ ಎರಡು ಗಂಟೆಗೆ ಸಿಸ್ಟಂ ನಿಂತರೆ ವಾರ್ಡಿನಲ್ಲಿ ಖಾಲಿ ಕೇಸ್ ಶೀಟ್ ಎಲ್ಲಿದೆ ಅಂತ ಗೊತ್ತಿರಬೇಕು.

ಅಂದರೆ ಕಂಪ್ಯೂಟರ್ ಏನೂ ಕಲಿಯಬೇಡಿ ಅಂತಲ್ಲ. ಡೇಟಾಬೇಸಿಗೆ ಒಂದು ಪ್ರಶ್ನೆ ಕೇಳುವಷ್ಟು ಎಸ್‌ಕ್ಯೂಎಲ್ ಗೊತ್ತಿದ್ದರೆ ಒಳ್ಳೆಯದು, ಸಂಜೆ ಹೊತ್ತು ಮನೆಯಲ್ಲೇ ಕಲಿಯಬಹುದು. ಅದಕ್ಕಿಂತ ಮುಖ್ಯವಾದದ್ದು ಮಾನದಂಡಗಳು. ಕೇಂದ್ರ ಸರ್ಕಾರದ ಇಎಚ್‌ಆರ್, ಅಂದರೆ ಕಂಪ್ಯೂಟರಿನಲ್ಲಿಡುವ ರೋಗಿಯ ದಾಖಲೆಯ, ಮಾನದಂಡ 2013ರಲ್ಲಿ ಬಂತು, 2016ರಲ್ಲಿ ಪರಿಷ್ಕೃತವಾಯಿತು, ಅದನ್ನು ಓದಿ. ರೋಗಗಳಿಗೆ ಕೋಡ್ ಕೊಡುವ ಐಸಿಡಿ, ಲ್ಯಾಬ್ ಟೆಸ್ಟ್‌ಗಳಿಗೆ ಕೋಡ್ ಕೊಡುವ ಲಾಯಿಂಕ್, ಎರಡು ಸಾಫ್ಟ್‌ವೇರ್ ಪರಸ್ಪರ ಮಾಹಿತಿ ಕಳಿಸಲು ಫೈರ್, ಇವನ್ನೂ ತಿಳಿದುಕೊಳ್ಳಿ. ಕ್ಲಿನಿಕಲ್ ಪದಗಳಿಗೆ ಸ್ನೋಮೆಡ್ ಸಿಟಿ ಇದೆ, ಭಾರತ 2014ರಿಂದ ಅದರ ಸದಸ್ಯ ದೇಶ, ಹಾಗಾಗಿ ನಮಗೆ ಉಚಿತ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯನ್ನೂ ಓದಿಕೊಳ್ಳಿ.

ಡಿಗ್ರಿ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಅಮೆರಿಕದಲ್ಲಿ ಕ್ಲಿನಿಕಲ್ ಇನ್ಫರ್ಮ್ಯಾಟಿಕ್ಸ್‌ಗೆ 2011ರಲ್ಲಿ ಸಬ್‌ಸ್ಪೆಷಾಲಿಟಿ ಮಾನ್ಯತೆ ಸಿಕ್ಕಿತು, 2013ರಲ್ಲಿ ಮೊದಲ ಪರೀಕ್ಷೆ ನಡೆಯಿತು. ಆದರೆ ಅಲ್ಲಿ ಇನ್ನೊಂದು ಸ್ಪೆಷಾಲಿಟಿಯ ಬೋರ್ಡ್ ಪಾಸಾದ ಡಾಕ್ಟರ್ ಮಾತ್ರ ಅದಕ್ಕೆ ಕೂರಬಹುದು. "ಇಲ್ಲಿಂದಲೇ ಅಮೆರಿಕದ ಬೋರ್ಡ್ ಕೊಡಿಸುತ್ತೇವೆ" ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಇಲ್ಲಿ ಬೇಕಿದ್ದರೆ ಆಸ್ಪತ್ರೆ ಆಡಳಿತದ ಎಂಎಚ್‌ಎ ಮಾಡಬಹುದು, ಉಪಯೋಗಕ್ಕೆ ಬರುತ್ತದೆ. ಆದರೆ ನಿಮ್ಮನ್ನು ಮೇಲಕ್ಕೆ ಒಯ್ಯುವುದು ನೀವು ಈಗ ನಿಂತಿರುವ ಜಾಗವೇ. ಆಸ್ಪತ್ರೆಯಲ್ಲಿ ಹೊಸ ಸಾಫ್ಟ್‌ವೇರ್ ಬರುವಾಗ "ಡಾಕ್ಟರ್‌ಗಳ ಕಡೆಯಿಂದ ನಾನು ಕೂರುತ್ತೇನೆ" ಅಂತ ಹೇಳಿ. ಯಾರೂ ಆ ಮೀಟಿಂಗ್‌ಗೆ ಬರಲು ತಯಾರಿರುವುದಿಲ್ಲ, ನಿಮ್ಮನ್ನು ಖುಷಿಯಿಂದ ಕೂರಿಸಿಕೊಳ್ಳುತ್ತಾರೆ. ಡಿಸ್ಚಾರ್ಜ್ ಸಮ್ಮರಿ ಯಾಕೆ ಸಂಜೆ ಆರಕ್ಕೆ ಮುಗಿಯುತ್ತದೆ, ಎಲ್ಲಿ ಸಿಕ್ಕಿಕೊಳ್ಳುತ್ತದೆ ಅಂತ ಹಿಡಿದು ಸರಿ ಮಾಡಿ ತೋರಿಸಿ. ಹೀಗೆ ಬೆಳೆದವರನ್ನು ನೋಡಿದಾಗ ನನಗೆ ತುಂಬ ಹೆಮ್ಮೆಯಾಗುತ್ತದೆ, ಅವರಲ್ಲಿ ಕೆಲವರು ಪೈಥಾನ್ ಮುಟ್ಟಿಯೂ ಇಲ್ಲ.

ಇಷ್ಟು ಹೇಳಿದ ಮೇಲೆ ಒಂದು ಮಾತು ಬಾಕಿ ಇದೆ. ಇದನ್ನು ಯಾರೂ ಕೇಳಲ್ಲ, ಕೇಳಬೇಕಿತ್ತು: ಒಬ್ಬ ರೋಗಿಗೆ ನಮ್ಮ ಕಂಪ್ಯೂಟರಿನಲ್ಲಿ ಎಷ್ಟು ನಂಬರ್ ಇವೆ?

ದಾವಣಗೆರೆಗೆ ಹರಪನಹಳ್ಳಿ, ಹೊನ್ನಾಳಿ, ಚನ್ನಗಿರಿ, ಹೊಳಲ್ಕೆರೆ, ಎಲ್ಲ ಕಡೆಯಿಂದ ರೋಗಿಗಳು ಬರುತ್ತಾರೆ. ಕೌಂಟರಿನಲ್ಲಿ ಒಂದು ಸಲ ಬಸವರಾಜ, ಇನ್ನೊಂದು ಸಲ ಬಸಪ್ಪ, ಮಗ ಕರೆದುಕೊಂಡು ಬಂದ ದಿನ ಬಸವರಾಜಪ್ಪ. ವಯಸ್ಸು ಅಂದಾಜು. ಫೋನ್ ನಂಬರ್ ಮಗನದ್ದು, ಅದೇ ನಂಬರಿನಲ್ಲಿ ಮನೆಯ ನಾಲ್ಕು ಜನ ಇದ್ದಾರೆ. ಊರು ನೋಡಿ ಗುರುತಿಸೋಣ ಅಂದರೆ ಹರಪನಹಳ್ಳಿ 1997ರ ತನಕ ಬಳ್ಳಾರಿ ಜಿಲ್ಲೆ, ಆಮೇಲೆ ದಾವಣಗೆರೆ, ಮತ್ತೆ ಬಳ್ಳಾರಿ, 2021ರಿಂದ ವಿಜಯನಗರ. ಮನುಷ್ಯ ಮನೆ ಬಿಟ್ಟು ಕದಲಿಲ್ಲ, ವಿಳಾಸ ಮಾತ್ರ ಬದಲಾಗುತ್ತಲೇ ಇದೆ. ಹೀಗೆ ಮೂರು ಫೈಲ್ ಹುಟ್ಟುತ್ತವೆ. ಪೆನಿಸಿಲಿನ್ ಅಲರ್ಜಿ ಅಂತ ಬರೆದದ್ದು ಮೊದಲನೆಯದರಲ್ಲಿ, ಇವತ್ತು ಡಾಕ್ಟರ್ ತೆರೆದದ್ದು ಮೂರನೆಯದು.

2021ರ ಸೆಪ್ಟೆಂಬರ್ 27ರಂದು ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶದಾದ್ಯಂತ ಶುರುವಾಯಿತು, ಪ್ರತಿಯೊಬ್ಬರ ಆರೋಗ್ಯ ದಾಖಲೆಗೆ ಗುರುತಾಗಿ 14 ಅಂಕಿಯ ಆಭಾ ನಂಬರ್ ಬಂತು. ಒಳ್ಳೆಯ ಹೆಜ್ಜೆ, ನಾನು ಮನಸಾರೆ ಬೆಂಬಲಿಸುತ್ತೇನೆ. ಆದರೆ ಆಸ್ಪತ್ರೆಯೊಳಗಿನ ಹಳೆಯ ಮೂರು ಫೈಲ್‌ಗಳನ್ನು ಆ ನಂಬರ್ ತಾನಾಗಿ ಒಂದು ಮಾಡುವುದಿಲ್ಲ. ಒಂದು ಮಾಡುವುದು ಮನುಷ್ಯರ ಕೆಲಸ, ಅದೂ ಹುಷಾರಾಗಿ. ತಪ್ಪಾಗಿ ಇಬ್ಬರು ಬಸವರಾಜರನ್ನು ಸೇರಿಸಿದರೆ ಒಬ್ಬರ ಬ್ಲಡ್ ಗ್ರೂಪ್ ಇನ್ನೊಬ್ಬರ ಫೈಲಿಗೆ ಹೋಗುತ್ತದೆ, ಅದು ಮೂರು ಫೈಲ್ ಇರುವುದಕ್ಕಿಂತಲೂ ಅಪಾಯ. ಇದನ್ನು ಚೆನ್ನಾಗಿ ಬಲ್ಲವರು ಎಂಆರ್‌ಡಿಯಲ್ಲಿ, ಅಂದರೆ ರೆಕಾರ್ಡ್ ರೂಮಿನಲ್ಲಿ, ವರ್ಷಗಟ್ಟಲೆ ಫೈಲ್ ಹುಡುಕಿದವರು. ಹೊಸ ಸಾಫ್ಟ್‌ವೇರ್ ಮೀಟಿಂಗ್‌ಗೆ ಅವರನ್ನು ಕರೆಯುವುದೇ ಇಲ್ಲ ಅನ್ನುವುದು ನನಗೆ ನಿಜಕ್ಕೂ ಬೇಸರದ ವಿಷಯ.

ಹಾಗಾಗಿ ಪ್ರಶ್ನೆ ಕೇಳಿದ ಡಾಕ್ಟರ್‌ಗೆ ನನ್ನ ಕಡೆಯಿಂದ ಮೊದಲ ಕೆಲಸ ಇದು. ನಾಳೆ ರೌಂಡ್ಸ್ ಮುಗಿದ ಮೇಲೆ ನಿಮ್ಮ ಎಂಆರ್‌ಡಿಗೆ ಹೋಗಿ. ಎರಡು ನಂಬರ್ ಒಬ್ಬರದ್ದೇ ಅಂತ ಗೊತ್ತಾದರೆ ಯಾರು ತೀರ್ಮಾನ ಮಾಡುತ್ತಾರೆ, ಯಾವ ಕಾಗದ ನೋಡಿ ಮಾಡುತ್ತಾರೆ, ತಪ್ಪಾದರೆ ಮತ್ತೆ ಬೇರ್ಪಡಿಸಲು ಆಗುತ್ತದಾ, ಕೇಳಿ ಬರೆದುಕೊಳ್ಳಿ. ಉತ್ತರವನ್ನು ನನಗೆ ಕಳಿಸಿ, ಮುಂದೆ ಏನು ಮಾಡಬೇಕು ಅಂತ ಅದನ್ನು ನೋಡಿ ಹೇಳುತ್ತೇನೆ.