ಕ್ಯೂಸೆಕ್‌ನೊಳಗೇ ಸೆಕೆಂಡು ಇದೆ

ಮಳೆಗಾಲ ಹಿಡಿಯಿತೆಂದರೆ ಸುದ್ದಿಗಳಲ್ಲಿ ನೀರಿನ ಜೊತೆ ಈ ಸಾಲೂ ಹರಿದು ಬರುತ್ತದೆ: ‘ಜಲಾಶಯದಿಂದ ಪ್ರತಿ ಸೆಕೆಂಡಿಗೆ 50,000 ಕ್ಯೂಸೆಕ್ ನೀರು ಬಿಡಲಾಗುತ್ತಿದೆ.’ ಮೊನ್ನೆ ಕಂಡ ತಲೆಬರಹ ಅದನ್ನೂ ಮೀರಿಸಿತು: ‘ಅಣೆಕಟ್ಟೆಯಲ್ಲಿ 20,000 ಕ್ಯೂಸೆಕ್ ನೀರು ಸಂಗ್ರಹ’. ಇನ್ನು ಸುಮ್ಮನಿರಲಾಗದು.

ಕ್ಯೂಸೆಕ್ ಒಂದು ಮೊಟಕು ಪದ. ‘ಕ್ಯೂಬಿಕ್ ಫೀಟ್ ಪರ್ ಸೆಕೆಂಡ್’ ಎಂಬ ಉದ್ದನೆಯ ಮಾತಿನ ಮೊದಲ ಪದದ ತಲೆಯನ್ನೂ ಕೊನೆಯ ಪದದ ತಲೆಯನ್ನೂ ಕತ್ತರಿಸಿ ಹೊಲಿದದ್ದು. ನಡುವಿನ ಅಡಿ ಮಾಯವಾಯಿತು, ಸೆಕೆಂಡು ‘ಸೆಕ್’ ಆಗಿ ಉಳಿಯಿತು. ಅದು ಒಳಗೇ ಕುಳಿತಿರುವಾಗ ಹೊರಗೆ ಇನ್ನೊಂದು ಸೆಕೆಂಡನ್ನು ಅಂಟಿಸುವುದು ಗೇಟುಬಾಗಿಲು, ನಡುಸೆಂಟರ್‌ಗಳ ಜಾತಿಗೆ ಸೇರಿದ ಪ್ರಯೋಗ. ಅಷ್ಟೇ ಆಗಿದ್ದರೆ ನಕ್ಕು ಬಿಡಬಹುದಿತ್ತು. ಗೇಟುಬಾಗಿಲಿನಿಂದ ಯಾರ ಮನೆಯೂ ಕೆಟ್ಟಿಲ್ಲ. ಇಲ್ಲಿ ಅರ್ಥವೇ ಕೆಡುತ್ತದೆ. ‘ಸೆಕೆಂಡಿಗೆ 50,000 ಕ್ಯೂಸೆಕ್’ ಎಂದರೆ ಹರಿವು ಸೆಕೆಂಡು ಸೆಕೆಂಡಿಗೂ ಅಷ್ಟಷ್ಟು ಏರುತ್ತಿದೆ ಎಂದಾಗುತ್ತದೆ. ಒಂದೇ ನಿಮಿಷದಲ್ಲಿ 30 ಲಕ್ಷ ಕ್ಯೂಸೆಕ್! ಅಂಥ ಪ್ರವಾಹ ಬಂದರೆ ಸುದ್ದಿ ಬರೆಯಲು ಯಾರೂ ಉಳಿದಿರುವುದಿಲ್ಲ.

ಹೊಳೆಯ ಅಗಲ ಇಷ್ಟು ಅಡಿ, ಆಳ ಇಷ್ಟು ಅಡಿ, ನೀರು ಒಂದು ಸೆಕೆಂಡಿನಲ್ಲಿ ಸಾಗುವ ದೂರ ಇಷ್ಟು ಅಡಿ. ಮೂರನ್ನೂ ಗುಣಿಸಿದರೆ ಕ್ಯೂಸೆಕ್. ತಳ ಏರುಪೇರಾಗಿರುವುದರಿಂದ ಹೊಳೆಯನ್ನು ಅಡ್ಡಲಾಗಿ ಪಟ್ಟಿಪಟ್ಟಿಯಾಗಿ ವಿಂಗಡಿಸಿ, ಒಂದೊಂದರ ಆಳ ಮತ್ತು ವೇಗವನ್ನು ಅಳೆದು ಕೂಡಿಸುತ್ತಾರೆ. ಸಾಮಾನ್ಯವಾಗಿ ದಿನವೂ ಇಷ್ಟು ಪಾಡು ಇರುವುದಿಲ್ಲ. ಇಂಥ ಮಟ್ಟಕ್ಕೆ ಇಂತಿಷ್ಟು ಹರಿವು ಎಂದು ಮೊದಲೇ ಲೆಕ್ಕ ಕಟ್ಟಿಟ್ಟುಕೊಂಡರೆ, ಆಮೇಲೆ ಮಟ್ಟವನ್ನು ಓದಿದರೆ ಸಾಕು. ಅಡಿಯ ಬದಲು ಮೀಟರ್ ಹಿಡಿದರೆ ಅದು ಕ್ಯುಮೆಕ್. ಒಂದು ಕ್ಯುಮೆಕ್ಕಿಗೆ ಸುಮಾರು 35.3 ಕ್ಯೂಸೆಕ್.

ಅಣೆಕಟ್ಟೆಯಲ್ಲಿ ನಿಂತ ನೀರನ್ನು ಅಳೆಯುವುದು ಕ್ಯೂಸೆಕ್‌ನಲ್ಲಲ್ಲ, ಟಿಎಂಸಿಯಲ್ಲಿ. ಅದು ಹರಿವಲ್ಲ, ಮೊತ್ತ. ಸಾವಿರ ಮಿಲಿಯನ್ ಘನ ಅಡಿ, ಅಂದರೆ ನೂರು ಕೋಟಿ ಘನ ಅಡಿ. ಲೀಟರಿನಲ್ಲಿ ಸುಮಾರು 2,832 ಕೋಟಿ. ಕೊನೆಯ ‘ಸಿ’ ಕ್ಯೂಬಿಕ್‌ನದು, ಅಡಿಯ ಸುಳಿವೇ ಅದರಲ್ಲಿಲ್ಲ. ಆದ್ದರಿಂದ ‘ಟಿಎಂಸಿ ಅಡಿ’ ಎಂದು ಬರೆಯುವವರೇ ಸರಿ. ಅತ್ತ ಬೇಡದ ಸೆಕೆಂಡನ್ನು ಅಂಟಿಸುವವರೇ ಇತ್ತ ಬೇಕಾದ ಅಡಿಯನ್ನು ಬಿಡುತ್ತಾರೆ ಎಂಬುದು ನನ್ನ ದೂರು.

ಕ್ಯೂಸೆಕ್, ಟಿಎಂಸಿ ಎರಡನ್ನೂ ಬೆಸೆಯುವ ಸಂಖ್ಯೆ 11,574. ಅಷ್ಟು ಕ್ಯೂಸೆಕ್ ನೀರು ಇಡೀ ಒಂದು ದಿನ ಹರಿದರೆ ಒಂದು ಟಿಎಂಸಿ ಅಡಿ. 2016ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತಮಿಳುನಾಡಿಗೆ 15,000 ಕ್ಯೂಸೆಕ್‌ನಂತೆ ಹತ್ತು ದಿನ ಕಾವೇರಿ ನೀರು ಬಿಡಲು ಹೇಳಿತಲ್ಲ, ಅದನ್ನು ಹತ್ತರಿಂದ ಗುಣಿಸಿ ‘ಒಟ್ಟು ಒಂದೂವರೆ ಲಕ್ಷ ಕ್ಯೂಸೆಕ್’ ಎಂದರೆ ಏನೂ ಹೇಳಿದಂತಾಗುವುದಿಲ್ಲ. ಗಂಟೆಗೆ 60 ಕಿಲೋಮೀಟರ್‌ನಂತೆ ಹತ್ತು ತಾಸು ಓಡಿದ ಬಸ್ಸಿನ ವೇಗ 600 ಆಗುತ್ತದೆಯೇ? ಸರಿಯಾದ ಲೆಕ್ಕ ಹೆಚ್ಚುಕಡಿಮೆ 13 ಟಿಎಂಸಿ ಅಡಿ. ತುಂಬಿದ ಕೆಆರ್‌ಎಸ್‌ನ ಸಾಮರ್ಥ್ಯವೇ 49.45 ಟಿಎಂಸಿ ಅಡಿ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ ಆ ಆದೇಶದ ಭಾರ ತಿಳಿಯುತ್ತದೆ.

ಬರಿಯ ಅಡಿಯಲ್ಲೂ ಒಂದು ಗುಂಡಿಯಿದೆ. ಕೆಆರ್‌ಎಸ್‌ನ ಗರಿಷ್ಠ ಮಟ್ಟ 124.80 ಅಡಿ, ತುಂಗಭದ್ರಾ ಜಲಾಶಯದ್ದು 1,633 ಅಡಿ. ಹಾಗೆಂದು ತುಂಗಭದ್ರಾ ಹದಿಮೂರು ಪಟ್ಟು ಆಳವೇನೂ ಅಲ್ಲ. ಮೊದಲನೆಯದರ ಎಣಿಕೆ ಅಣೆಕಟ್ಟೆಯ ಬುಡದಿಂದ, ಎರಡನೆಯದು ಸಮುದ್ರಮಟ್ಟದಿಂದ. ಆಲಮಟ್ಟಿಯ 519.60 ಕೂಡ ಸಮುದ್ರಮಟ್ಟದಿಂದಲೇ. ಆದರೆ ಅದು ಮೀಟರು.