ನಿಖರ ಗೊಬ್ಬರ ಅಂದ್ರ ಏನ್ರಿ?

ಪ್ರಿಸಿಷನ್ ಫರ್ಟಿಲೈಸರ್, ನಿಖರ ಗೊಬ್ಬರ ಅಂದ ಕೂಡ್ಲೇ ಡ್ರೋನ್, ಸ್ಯಾಟಲೈಟ್ ಕಣ್ಮುಂದ ಬರ್ತಾವ. ಅವೆಲ್ಲ ಬರೇ ಸಾಮಾನು. ಹೊಲದ ಯಾವ ಭಾಗಕ್ಕ ಯಾವ ಗೊಬ್ಬರ ಎಷ್ಟು ಬೇಕೋ ಅಷ್ಟ, ಬೇಕಾದ ಹೊತ್ತಿಗೆ, ಬೇರಿನ ಹತ್ರ ಹಾಕೋದು, ಮತ್ತ ಕಡೀಕ ಹಾಕಿದ ಚೀಲ ತನ್ನ ರೊಕ್ಕ ತಾ ದುಡೀತದೋ ಇಲ್ಲೋ ನೋಡೋದು, ಇಷ್ಟ ಅದರ ಅರ್ಥ.

ನಮ್ಮ ಕಲಬುರಗಿ ತೊಗರೀನೇ ತಗೋರಿ. ಮಳಿ ಮ್ಯಾಲಿನ ತೊಗರಿಗೆ ಶಿಫಾರಸು ಹೆಕ್ಟೇರಿಗೆ 25 ಕೆಜಿ ಸಾರಜನಕ, 50 ಕೆಜಿ ರಂಜಕ, ಅಂದ್ರ ಎಕರೆಗೆ 10 ಮತ್ತ 20. 50 ಕೆಜಿ ಡಿಎಪಿ ಚೀಲದಾಗ 9 ಕೆಜಿ ಸಾರಜನಕ, 23 ಕೆಜಿ ರಂಜಕ ಇರ್ತದ, ಹಿಂಗಾಗಿ ಎಕರೆಗೆ ಒಂದು ಚೀಲ ಸಾಕು. ಆದ್ರ ಬಾಜೂ ಹೊಲದವ ಎರಡು ಹಾಕ್ಯಾನಂತ ನಾವೂ ಎರಡು ಹಾಕ್ತೀವಿ. ಎರಡನೇ ಚೀಲಕ್ಕ 1350 ರೂಪಾಯಿ. 2025-26ರ ಬೆಂಬಲ ಬೆಲಿ ಕ್ವಿಂಟಲಿಗೆ 8000 ಹಿಡಿದ್ರ, ಆ ರೊಕ್ಕ ಹುಟ್ಟಬೇಕಂದ್ರೇ ಎಕರೆಗೆ 17 ಕೆಜಿ ತೊಗರಿ ಹೆಚ್ಚಿಗಿ ಬರಬೇಕು, ಲಾಭದ ಮಾತು ಆಮ್ಯಾಲೆ. ಅದು ಬರೋದು ಕಷ್ಟ ಅದ, ಯಾಕಂದ್ರ ತೊಗರಿ ಬೇರಿನ ಗಂಟಿನಾಗ ತನಗ ಬೇಕಾದ ಸಾರಜನಕ ಬಹಳಷ್ಟು ತಾನೇ ಮಾಡ್ಕೋತದ, ಇನ್ನ ಎರಿ ಮಣ್ಣಿನಾಗ ಸುಣ್ಣದ ಅಂಶ ಜಾಸ್ತಿ ಇರೋದ್ರಿಂದ ಕೈಲೆ ಉಗ್ಗಿದ ರಂಜಕ ಅದರ ಜೋಡಿ ಕೂಡಿ ಬೇರಿಗೆ ಸಿಗದಂಗ ಆಗ್ತದ. ಅದನ್ನೇ ಕೂರಿಗಿಲೆ ಬೀಜದ ಬಾಜೂಕ, ಸ್ವಲ್ಪ ಕೆಳಗ ಇಳಿಸಿದ್ರ ಕಡಿಮಿ ಗೊಬ್ಬರದಾಗೇ ಕೆಲಸ ಆಗ್ತದ.

ಯೂರಿಯಾದ ಕತಿ ಬ್ಯಾರೆ. ಸಬ್ಸಿಡಿ ಇರೋದ್ರಿಂದ 45 ಕೆಜಿ ಚೀಲಕ್ಕ 266 ರೂಪಾಯಿ 50 ಪೈಸೆ, ಒಂದು ಚೀಲ ಉಳಿಸಿದ್ರೂ ಕಿಸೆಕ್ಕ ಗೊತ್ತಾಗಂಗಿಲ್ಲ. ಶಹಾಪುರ, ಸುರಪುರ ಕಾಲುವಿ ಕಡೆ ಭತ್ತಕ್ಕ ಸುರಿಯೋದು ಇದಕ್ಕೇ. ನನ್ನ ಪ್ರಕಾರ ನಿಖರ ಗೊಬ್ಬರಕ್ಕ ದೊಡ್ಡ ಅಡ್ಡಿ ಈ ಅಗ್ಗದ ರೇಟೇ. ಆದ್ರ ಯೂರಿಯಾ ಜಾಸ್ತಿ ಆದ್ರ ಪೈರು ಸೊಕ್ಕಿ ಮಲಗ್ತದ, ಹುಳ ಬೀಳ್ತದ, ಎಣ್ಣಿ ಹೊಡಿಯೋ ಖರ್ಚು ಹೆಚ್ಚಾಗ್ತದ, ಅದನ್ನೂ ಯೂರಿಯಾದ ಲೆಕ್ಕದಾಗೇ ಬರೀಬೇಕು.

ಹೊಲಕ್ಕ ಏನು ಎಷ್ಟು ಬೇಕಂತ ಅಳೆಯೋದಕ್ಕೂ ಖರ್ಚು ಅದ. ನಾಕು ಎಕರೆಯವರಿಗೆ ಸೆನ್ಸರ್ ಮಷಿನ್ ಪರವಡಿಸಂಗಿಲ್ಲ, ಮಣ್ಣು ಪರೀಕ್ಷೆ ಪರವಡಿಸ್ತದ. 2015ರಾಗ ಶುರುವಾದ ಮಣ್ಣು ಆರೋಗ್ಯ ಕಾರ್ಡಿನಾಗ 12 ಅಂಶ ತೋರಿಸ್ತಾರ, ಜಿಂಕ್, ಬೋರಾನ್, ಗಂಧಕನೂ ಅದ್ರಾಗ ಬರ್ತಾವ. ಬೀದರ ಕಡೆ ಒಂದೇ ಸರ್ವೆ ನಂಬರಿನಾಗ ಕೆಂಪು ಮಣ್ಣೂ ಇದ್ದು ಎರೀನೂ ಇದ್ರ ಸ್ಯಾಂಪಲ್ ಬ್ಯಾರೆ ಬ್ಯಾರೆ ತೆಗೀರಿ. ರಾಶಿ ಆದಮ್ಯಾಲೆ, ಗೊಬ್ಬರ ಹಾಕೋಕಿಂತ ಮೊದಲೇ ತೆಗೀರಿ, ಬದು, ಗಿಡದ ನೆಳ್ಳು, ತಿಪ್ಪಿ ಹಾಕಿದ ಜಾಗ ಬಿಟ್ಟು.