‘ಡೋಂಡಾ’ ಕೇಳಿದರೆ ಅರ್ಧಕ್ಕೇ ಸುಸ್ತಾಗುವುದೇಕೆ?

ಪ್ರಶ್ನೆ: ಅಮೆರಿಕದ ರ‍್ಯಾಪರ್ ಕಾನ್ಯೆ ವೆಸ್ಟ್‌ನ ‘ಡೋಂಡಾ’ ಆಲ್ಬಂ ಕೇಳೋಣ ಅಂತ ಕೂತರೆ ಅರ್ಧದಲ್ಲೇ ಎದ್ದುಬಿಡುತ್ತೇನೆ. ಕೆಲವರು ಅವನ ಅತ್ಯುತ್ತಮ ಕೆಲಸ ಅನ್ನುತ್ತಾರೆ, ಇನ್ನು ಕೆಲವರು ಅರೆಬೆಂದ ಅಡುಗೆ ಅನ್ನುತ್ತಾರೆ. ಯಾರ ಮಾತು ಸರಿ? ಪೂರ್ತಿ ಕೇಳಲೇಬೇಕಾ?

ಉತ್ತರ: ಕೇಳಬೇಕಿಲ್ಲ, ಮೊದಲ ಸಲವಂತೂ ಬೇಡವೇ ಬೇಡ. ಈ ಆಲ್ಬಂ ಮೇಲಿನ ಜಗಳದಲ್ಲಿ ಮುಕ್ಕಾಲು ಪಾಲು ಉದ್ದದ ಬಗ್ಗೆ. 2021ರ ಆಗಸ್ಟ್ 29ಕ್ಕೆ ಬಂದ ಇದರಲ್ಲಿ 27 ಟ್ರ್ಯಾಕ್, 108 ನಿಮಿಷ. ಒಂದು ಸಿಡಿಯಲ್ಲಿ ಹಿಡಿಸುವುದೇ ಸುಮಾರು 80 ನಿಮಿಷ. ಸ್ಟ್ರೀಮಿಂಗ್‌ನಲ್ಲಿ ಆ ಮಿತಿ ಇಲ್ಲವಾದ್ದರಿಂದ ಕತ್ತರಿ ಆಡಿಸುವ ಕೆಲಸ ಕೇಳುಗನ ತಲೆಗೆ ಬಂತು. ಇದೇ ಕಾನ್ಯೆ 2018ರಲ್ಲಿ ‘ಯೆ’ ಆಲ್ಬಂ ಮುಗಿಸಿದ್ದು 7 ಹಾಡಿನಲ್ಲಿ, ಅರ್ಧ ಗಂಟೆಯೂ ಇಲ್ಲ!

ಮೊದಲು ಕೊನೆಯ ನಾಲ್ಕು ಟ್ರ್ಯಾಕ್ ಬಿಟ್ಟುಬಿಡಿ. ‘ಪಾರ್ಟ್ 2’ ಅಂತ ಹೆಸರಿರುವ ಇವು ಮೊದಲೇ ಬಂದ ಹಾಡುಗಳ ಬೇರೆ ರೂಪಗಳು. ಬಿಟ್ಟರೆ ಸುಮಾರು 22 ನಿಮಿಷ ಉಳಿತಾಯ. ಅವು ಅಲ್ಲಿರುವುದಕ್ಕೆ ಕಾರಣವಿದೆ. ಬಿಡುಗಡೆಗೆ ಮುಂಚೆ ಅಟ್ಲಾಂಟಾದಲ್ಲಿ ಎರಡು, ಶಿಕಾಗೊದಲ್ಲಿ ಒಂದು, ಹೀಗೆ ಮೂರು ಸಲ ಸ್ಟೇಡಿಯಂ ತುಂಬ ಜನ ಸೇರಿಸಿ ಆಲ್ಬಂ ಕೇಳಿಸಲಾಯಿತು, ಪ್ರತಿ ಸಲವೂ ಹಾಡುಗಳು ಬದಲಾಗಿದ್ದವು. ಅಟ್ಲಾಂಟಾದಲ್ಲಿ ‘ಜೈಲ್’ ಹಾಡಿಗೆ ರ‍್ಯಾಪರ್ ಜೇ-ಝೀ ಇದ್ದ; ಶಿಕಾಗೊದಲ್ಲಿ ಅವನ ಜಾಗಕ್ಕೆ ರ‍್ಯಾಪರ್ ಡಾಬೇಬಿ, ರಾಕ್ ಗಾಯಕ ಮ್ಯಾರಿಲಿನ್ ಮ್ಯಾನ್ಸನ್ ಬಂದರು. ಡಾಬೇಬಿ ಆಗಷ್ಟೇ ವೇದಿಕೆ ಮೇಲೆ ಸಲಿಂಗಿಗಳ ಬಗ್ಗೆ ಆಡಿದ ಮಾತಿಗೆ ಛೀಮಾರಿ ಹಾಕಿಸಿಕೊಂಡಿದ್ದ, ಮ್ಯಾನ್ಸನ್ ಮೇಲೆ ಹಲವು ಮಹಿಳೆಯರು ಲೈಂಗಿಕ ದೌರ್ಜನ್ಯದ ಆರೋಪ ಮಾಡಿದ್ದರು. ಎಷ್ಟೋ ಜನರಿಗೆ ಆಲ್ಬಂ ಕಹಿಯಾದದ್ದು ಅಲ್ಲೇ. ಬಿಡುಗಡೆ ಹೊತ್ತಿಗೆ ಎರಡು ರೂಪಗಳಲ್ಲಿ ಒಂದನ್ನು ಆರಿಸಲಿಲ್ಲ, ಎರಡನ್ನೂ ಸೇರಿಸಿದರು.

ಎರಡನೇ ದೂರು: ‘ಬೀಟೇ ಇಲ್ಲ’. ಇದರಲ್ಲಿ ಹುರುಳಿದೆ. ರ‍್ಯಾಪ್‌ನಲ್ಲಿ ಮಾತಿನ ಲಯವನ್ನು ನಾವು ಅಳೆಯುವುದು ಡ್ರಮ್ ಮೇಲೆ. ಇಲ್ಲಿ ಹಲವು ಹಾಡುಗಳಲ್ಲಿ ಡ್ರಮ್ ಕಿತ್ತು, ಹೆಚ್ಚಾಗಿ ಚರ್ಚಿನ ಆರ್ಗನ್ ಮತ್ತು ಕೋರಸ್ ಉಳಿಸಿದ್ದಾರೆ. ‘ಜೈಲ್’ ಕೇಳಿ: ಎಲೆಕ್ಟ್ರಿಕ್ ಗಿಟಾರ್ ಗುಂಯ್‌ಗುಡುತ್ತಲೇ ಇರುತ್ತದೆ, ಡ್ರಮ್ ಈಗ ಬಿತ್ತು, ಇನ್ನೇನು ಬಿತ್ತು ಅಂತ ಕಾಯುತ್ತೀರಿ, ಅದು ಬೀಳುವುದು ಹಾಡು ಮುಗಿಯುವ ಹೊತ್ತಿಗೆ. ಒಂದು ಹಾಡಿನಲ್ಲಿ ಇದು ಮಜಾ. ಹತ್ತು ಹಾಡಿನಲ್ಲಿ ಇದನ್ನೇ ಮಾಡಿದರೆ ಕಿವಿ ಕಾಯುವುದನ್ನೇ ನಿಲ್ಲಿಸುತ್ತದೆ. ಫೋನ್ ಸ್ಪೀಕರ್‌ನಲ್ಲಿ ಕೇಳುವವರ ಪಾಡು ಇನ್ನೂ ಕಷ್ಟ: ಅಷ್ಟು ಚಿಕ್ಕ ಸ್ಪೀಕರ್ ಆರ್ಗನ್ನಿನ ಕೆಳಸ್ವರ ಹೊರಡಿಸುವುದೇ ಇಲ್ಲ, ಆಮೇಲೆ ಕೇಳಿಸುವುದು ಬರೀ ಬೋಳು ಕಂಠ. ಹೆಡ್‌ಫೋನ್ ಹಾಕಿ.

ಅಲ್ಲಲ್ಲಿ ಮಾತು ಕಡಿದುಹೋದಂತೆ ಅನ್ನಿಸಿದರೆ ನಿಮ್ಮ ನೆಟ್‌ವರ್ಕ್ ತೊಂದರೆ ಅಲ್ಲ. ಬೈಗುಳಗಳನ್ನು, ಅತಿಥಿಗಳದ್ದೂ ಸೇರಿಸಿ, ಮ್ಯೂಟ್ ಮಾಡಿದ್ದಾರೆ. ಭಕ್ತಿಯ ಆಲ್ಬಂ ಅಂತ ಹಾಗೆ ಮಾಡಿದ್ದು ಸರಿಯೇ. ಆದರೆ ಖಾಲಿ ಜಾಗ ಬೇರೆ ಪದದಿಂದ ತುಂಬದೇ ಬಿಟ್ಟದ್ದು ಸೋಮಾರಿತನ.

ಈಗ ಪ್ಲೇಲಿಸ್ಟ್. ಶಫಲ್ ಆಫ್ ಮಾಡಿ. 2021ರ ನವೆಂಬರ್‌ನಲ್ಲಿ ಬಂದ ಡೀಲಕ್ಸ್ ಆವೃತ್ತಿ ಸದ್ಯಕ್ಕೆ ಬೇಡ, ಅದರಲ್ಲಿ 32 ಟ್ರ್ಯಾಕ್ ಇವೆ, ಕ್ರಮವೂ ಬೇರೆ. ಮೂಲ ಕ್ರಮದಲ್ಲೇ ಇವಿಷ್ಟು ಹಾಕಿಕೊಳ್ಳಿ: ಜೈಲ್, ಆಫ್ ದ ಗ್ರಿಡ್, ಹರಿಕೇನ್, ಪ್ರೇಸ್ ಗಾಡ್, ಬಿಲೀವ್ ವಾಟ್ ಐ ಸೇ, 24, ಮೂನ್, ಹೆವನ್ ಅಂಡ್ ಹೆಲ್, ಜೀಸಸ್ ಲಾರ್ಡ್, ಕಮ್ ಟು ಲೈಫ್, ನೋ ಚೈಲ್ಡ್ ಲೆಫ್ಟ್ ಬಿಹೈಂಡ್. ಒಟ್ಟು 11 ಹಾಡು, 48 ನಿಮಿಷದ ಆಸುಪಾಸು. ‘ಜೀಸಸ್ ಲಾರ್ಡ್’ ಒಂದೇ ಸುಮಾರು 9 ನಿಮಿಷ; ಕೊನೆಗೆ ಬರುವ ಮಾತು ಜೈಲಿನಲ್ಲಿದ್ದ ಶಿಕಾಗೊ ಗ್ಯಾಂಗ್ ನಾಯಕ ಲ್ಯಾರಿ ಹೂವರ್‌ನ ಮಗನದ್ದು, ಅವಸರವಿದ್ದರೆ ಅದನ್ನು ದಾಟಿಸಬಹುದು. ‘ಟೆಲ್ ದ ವಿಷನ್’ ಬೇಕಂತಲೇ ಬಿಟ್ಟದ್ದು: ಅದು ತೀರಿಕೊಂಡ ರ‍್ಯಾಪರ್ ಪಾಪ್ ಸ್ಮೋಕ್‌ನ ಧ್ವನಿಯಲ್ಲಿದೆ, ಇಲ್ಲಿ ಯಾಕಿದೆ ಅಂತ ಕೇಳಿದರೆ ಕಟ್ಟಾ ಅಭಿಮಾನಿಗಳೂ ತಡವರಿಸುತ್ತಾರೆ.

ಡೋಂಡಾ ಅಂದರೆ ಕಾನ್ಯೆಯ ತಾಯಿ, ಶಿಕಾಗೊ ಸ್ಟೇಟ್ ಯೂನಿವರ್ಸಿಟಿಯಲ್ಲಿ ಇಂಗ್ಲಿಷ್ ಪ್ರೊಫೆಸರ್ ಆಗಿದ್ದವರು, 2007ರಲ್ಲಿ ತೀರಿಕೊಂಡರು. ಅವರ ಧ್ವನಿಯೇ ಇರುವ ‘ಡೋಂಡಾ’ ಹಾಡನ್ನೂ, ಸಂಗೀತವಿಲ್ಲದೆ ಅವರ ಹೆಸರನ್ನು ನಾಮಜಪದ ಹಾಗೆ ಹೇಳುತ್ತಲೇ ಹೋಗುವ 52 ಸೆಕೆಂಡಿನ ‘ಡೋಂಡಾ ಚಾಂಟ್’ ಅನ್ನೂ ಎರಡನೇ ಸಲಕ್ಕೆ ಇಟ್ಟುಕೊಳ್ಳಿ. ಮೊದಲ ಸಲ ಚಾಂಟ್ ಕೇಳಿದವರು ಬಹುಪಾಲು ನಕ್ಕು ಮುಂದೆ ಹೋಗುತ್ತಾರೆ. ‘ಕಮ್ ಟು ಲೈಫ್’ನ ಪಿಯಾನೊ ಕೇಳಿ ಬಂದ ಮೇಲೆ ನಗು ಬರುವುದಿಲ್ಲ.

ಈ 11 ಹಿಡಿಸದಿದ್ದರೆ, ಉಳಿದ 16ರಲ್ಲಿ ನಿಮ್ಮ ಮನಸ್ಸು ಬದಲಿಸುವಂಥದ್ದು ಏನೂ ಇಲ್ಲ.